ಸೊಪ್ಪು ಹಾಕುವ ಹೊತ್ತುಗಳ ನಡುವೆ ಒಂದು ಜಪ

ಪ್ರಶ್ನೆ: ನಾನು ಕನಕಪುರ ತಾಲ್ಲೂಕಿನ ಒಂದು ಹಳ್ಳಿಯವಳು, ಕಥೋಲಿಕ ಕುಟುಂಬ. ವಯಸ್ಸು ಮೂವತ್ತೈದು. ಮನೆಯಲ್ಲಿ ಅತ್ತೆ, ಯಜಮಾನರು, ಇಬ್ಬರು ಮಕ್ಕಳು. ಯಜಮಾನರಿಗೆ ಬಿಡದಿ ಕಡೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿದೆ, ರೇಷ್ಮೆ ಹುಳು ಸಾಕುವುದು ಹೆಚ್ಚುಕಡಿಮೆ ನನ್ನ ಮೇಲೇ ಬಿದ್ದಿದೆ. ಭಾನುವಾರದ ಪೂಜೆ ತಪ್ಪಿಸುವುದಿಲ್ಲ. ರಾತ್ರಿ ಅತ್ತೆ ಜಪಸರ ಹಿಡಿದರೆ ಎಲ್ಲರೂ ಮೊಣಕಾಲೂರುತ್ತೇವೆ. ಬಾಯಿ ಜಪ ಹೇಳುತ್ತಿರುತ್ತದೆ, ತಲೆಯಲ್ಲಿ ಮಾತ್ರ ನಾಳೆಯ ಸೊಪ್ಪಿನ ಲೆಕ್ಕ.

ರಾಮನಗರದಲ್ಲಿರುವ ನನ್ನ ಓರಗಿತ್ತಿ ಈಗ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾಳೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂದು ಗಂಟೆ ಪ್ರಾರ್ಥಿಸುತ್ತಾಳಂತೆ. "ನಿಮ್ಮದು ಬಾಯಿಪಾಠ ಅಕ್ಕ, ದೇವರ ಹತ್ತಿರ ಸ್ವಂತ ಮಾತಾಡಬೇಕು" ಅಂತಾಳೆ. ಅವಳ ಮಾತು ಕೇಳಿ, ವರ್ಷದಲ್ಲಿ ಇಡೀ ಬೈಬಲ್ ಓದುವ ಪಟ್ಟಿಯೊಂದನ್ನು ಮೊಬೈಲಿನಲ್ಲಿ ಹಾಕಿಕೊಂಡೆ. ಯಾಜಕ ಕಾಂಡಕ್ಕೆ ಬರುವಷ್ಟರಲ್ಲಿ ನಿಂತುಹೋಯಿತು. ಮೊಬೈಲು ದಿನಾ ಬಾಕಿ ತೋರಿಸುತ್ತದೆ, ನೋಡಿದರೆ ಎದೆ ಭಾರವಾಗುತ್ತದೆ. ನಾಲ್ಕಕ್ಕೂ ಎದ್ದು ನೋಡಿದೆ, ಕೂತಲ್ಲೇ ತೂಕಡಿಸಿದೆ.

ಇನ್ನೊಂದು ವಿಷಯ. ಕಪಾಲಬೆಟ್ಟದ ಯೇಸು ಪ್ರತಿಮೆಯ ಗಲಾಟೆ ಪೇಪರಿನಲ್ಲಿ ಬಂದಾಗ ನಮ್ಮ ಸ್ತ್ರೀಶಕ್ತಿ ಸಂಘದ ಗೆಳತಿಯೊಬ್ಬರು, "ಅಲ್ಲಮ್ಮ, ನೀವು ದಿನಾ ಮನೇಲಿ ಏನು ಪೂಜೆ ಮಾಡ್ತೀರಿ?" ಎಂದು ಪ್ರೀತಿಯಿಂದಲೇ ಕೇಳಿದರು. ಏನು ಹೇಳಬೇಕೋ ತೋಚಲಿಲ್ಲ. ಆ ಪ್ರಶ್ನೆ ಇನ್ನೂ ಕೊರೆಯುತ್ತಿದೆ. ಚಿಕ್ಕಂದಿನಲ್ಲಿ ಶಿಲುಬೆ ಹಾದಿ ನಡೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಏನೂ ಅನಿಸುವುದಿಲ್ಲ. ನನ್ನ ಭಕ್ತಿ ಸುಳ್ಳೇ? ಎಲ್ಲಿಂದ ಶುರು ಮಾಡಲಿ? ಕೀರ್ತನೆಗಳಲ್ಲಿ ಯಾವುದನ್ನು ಮೊದಲು ಓದಲಿ?
(ಹೆಸರು ಬೇಡ, ಕನಕಪುರ ತಾಲ್ಲೂಕು)

ಉತ್ತರ: ತಂಗಿ, ನಿಮ್ಮ ಭಕ್ತಿ ಸುಳ್ಳಲ್ಲ. ರಾತ್ರಿ ಕೊನೆಯ ಸೊಪ್ಪು ಹಾಕಿ ಮಲಗಿ, ಹೊತ್ತು ಹುಟ್ಟುವ ಮೊದಲೇ ಎದ್ದು, ಭಾನುವಾರ ಮಕ್ಕಳಿಗೆ ತಲೆ ಬಾಚಿ ದೇವಾಲಯಕ್ಕೆ ಕರೆದೊಯ್ಯುವವರು ನೀವು. ವರ್ಷಗಟ್ಟಲೆ ಅದನ್ನು ತಪ್ಪದೆ ಮಾಡಿಸಿದ್ದು ಏನೆಂದು ನಿಮ್ಮನ್ನೇ ಕೇಳಿಕೊಳ್ಳಿ. ನಿಮ್ಮ ತೊಂದರೆ ಬೇರೆ ಕಡೆ ಇದೆ. ಬೇರೆಯವರ ದಿನಚರಿಗೆ ಹೊಂದುವ ಪ್ರಾರ್ಥನೆಯನ್ನು ತಂದು ನಿಮ್ಮ ದಿನದೊಳಗೆ ತುರುಕಲು ನೋಡಿದಿರಿ, ಅದು ಹಿಡಿಸಲಿಲ್ಲ. ನಾಲ್ಕಕ್ಕೆ ಏಳುವುದು ಓರಗಿತ್ತಿಗೆ ಒಗ್ಗಿರಬಹುದು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಚರ್ಮ ಕಳಚಿದ ಹುಳು ಮನೆಯಲ್ಲಿದ್ದಾಗ, ಒಂದು ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚನ್ನು ಅದು ಆ ಒಂದು ವಾರದಲ್ಲೇ ತಿನ್ನುವಾಗ, ನಿಮಗೆ ನಿದ್ದೆಯೇ ದೇವರು ಕೊಟ್ಟ ವರ. ತೂಕಡಿಸಿದ್ದಕ್ಕೆ ಪಾಪನಿವೇದನೆ ಬೇಕಿಲ್ಲ.

ಓರಗಿತ್ತಿಯ ಮಾತು ನಿಮ್ಮನ್ನು ಬಹಳ ನೋಯಿಸಿದೆ ಅನಿಸುತ್ತದೆ. ಆದ್ದರಿಂದ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಸ್ವಲ್ಪ ಉದ್ದವಾಗಿಯೇ.

ಬಾಯಿಪಾಠದ ಜಪಕ್ಕೆ ಜೀವವಿಲ್ಲ ಎನ್ನುವವರು ಸಾಮಾನ್ಯವಾಗಿ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯವನ್ನು ಎತ್ತಿ ತೋರಿಸುತ್ತಾರೆ. ಹೆಚ್ಚು ಮಾತಾಡಿದರೆ ದೇವರು ಕೇಳುತ್ತಾನೆಂದುಕೊಂಡು ಬರೀ ಮಾತು ಸುರಿಯಬೇಡಿ ಎಂದು ಯೇಸು ಎಚ್ಚರಿಸುವುದು ಅಲ್ಲಿಯೇ, ನಿಜ. ಆದರೆ ಅದೇ ಪುಟದಲ್ಲಿ ಇನ್ನೆರಡು ವಚನ ಕೆಳಗೆ ಕಣ್ಣು ಹಾಯಿಸಿ. ಪದಕ್ಕೆ ಪದ ಕಟ್ಟಿದ ಒಂದು ಪ್ರಾರ್ಥನೆಯನ್ನು ಆತನೇ ಶಿಷ್ಯರಿಗೆ ಹೇಳಿಕೊಡುತ್ತಾನೆ. ಅದೇ ಶುಭಸಂದೇಶದ 26ನೇ ಅಧ್ಯಾಯದಲ್ಲಿ, ಗೆತ್ಸೆಮನೆಯ ತೋಟದಲ್ಲಿ, ಸಾವು ಎದುರು ನಿಂತಿರುವ ರಾತ್ರಿ, ಆತ ಮೂರನೆಯ ಸಲವೂ ಮೊದಲಿನ ಮಾತುಗಳನ್ನೇ ಹೇಳಿ ಪ್ರಾರ್ಥಿಸಿದ ಎಂದು ಬರೆದಿದೆ. ಸಂಕಟ ದೊಡ್ಡದಾದಾಗ ಮನುಷ್ಯನಿಗೆ ಹೊಸ ಮಾತು ಹೊಳೆಯುವುದಿಲ್ಲ, ಇದ್ದ ಮಾತನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಶಿಲುಬೆಯ ಮೇಲೆ ಆತನ ಬಾಯಿಗೆ ಬಂದದ್ದೂ ಬಾಲ್ಯದಿಂದ ಬಾಯಿಗೆ ಬಂದಿದ್ದ ಕೀರ್ತನೆಗಳ ಸಾಲುಗಳೇ. ಮಾರ್ಕನು ಬರೆದಂತೆ 22ನೆಯದರ ಮೊದಲ ಮಾತು, ಲೂಕನು ಬರೆದಂತೆ 31ನೆಯದರ ಒಂದು ಸಾಲು. ದೇವಪುತ್ರನೇ ಸಾಯುವಾಗ ಬಾಯಿಪಾಠದ ಪ್ರಾರ್ಥನೆಯನ್ನು ಆಶ್ರಯಿಸಿದ್ದರೆ, ನಿಮ್ಮ ಅತ್ತೆಯ ಜಪಸರವನ್ನು ಯಾರೂ ಹಗುರವಾಗಿ ಕಾಣಬೇಕಾಗಿಲ್ಲ.

ಓರಗಿತ್ತಿಗೆ ಈ ವಿಷಯವನ್ನು ಇನ್ನೊಬ್ಬರ ಬಾಯಿಂದ ಹೇಳಿಸಬೇಕೆಂದರೆ ಮಾರ್ಟಿನ್ ಲೂಥರ್ ಇದ್ದಾರೆ. ರೋಮಿನ ಸಭೆಯಿಂದ ಬೇರೆಯಾಗಿ ಪ್ರಾಟೆಸ್ಟೆಂಟ್ ಹಾದಿ ತೆರೆದವರು. ಅವರ ಕ್ಷೌರಿಕ ಪೀಟರ್ ಎಂಬಾತ, ಪ್ರಾರ್ಥನೆ ಮಾಡುವುದು ಹೇಗೆ ಎಂದು ಕೇಳಿದ್ದಕ್ಕೆ 1535ರಲ್ಲಿ ಒಂದು ಪುಟ್ಟ ಪುಸ್ತಕವನ್ನೇ ಬರೆದುಕೊಟ್ಟರು. ಅದರಲ್ಲಿ ಅವರು ಹೇಳಿಕೊಡುವುದು ಬಹಳ ಸರಳ. ಯೇಸು ಕಲಿಸಿದ ಪ್ರಾರ್ಥನೆಯ ಒಂದೊಂದೇ ಸಾಲನ್ನು ಹಿಡಿದು, ನಿಂತು, ಆ ಸಾಲಿನೊಳಗೆ ನಮ್ಮ ಮಾತನ್ನು ಸೇರಿಸುವುದು. ಹತ್ತು ಕಟ್ಟಳೆಗಳನ್ನು ತೆಗೆದುಕೊಂಡರೆ ಒಂದೊಂದರಲ್ಲೂ ಕಲಿಯುವುದೇನು, ಧನ್ಯವಾದ ಹೇಳುವುದೇನು, ತಪ್ಪೊಪ್ಪಿಕೊಳ್ಳುವುದೇನು, ಬೇಡುವುದೇನು ಎಂದು ನಾಲ್ಕು ಬಗೆಯಲ್ಲಿ ನೋಡುವುದು. ನಡುವೆ ಒಂದೇ ಸಾಲಿನಲ್ಲಿ ಮನಸ್ಸು ಬೆಚ್ಚಗಾಗಿ ನಿಂತುಬಿಟ್ಟರೆ ಉಳಿದದ್ದನ್ನು ಬಿಟ್ಟು ಅಲ್ಲೇ ಇರಬೇಕು, ಮುಗಿಸಲೇಬೇಕೆಂಬ ಹಟ ಬೇಡ ಎನ್ನುತ್ತಾರೆ. ಮನಸ್ಸು ತಣ್ಣಗಾದಾಗ ತಾನೂ ಕೀರ್ತನೆಗಳ ಪುಟ್ಟ ಪುಸ್ತಕ ಹಿಡಿದು ಒಳಗೆ ಹೋಗುತ್ತೇನೆಂದು ಅದರಲ್ಲಿ ಹೇಳಿಕೊಂಡಿದ್ದಾರೆ. ಕಟ್ಟಿದ ಜಪ ಮತ್ತು ಸ್ವಂತ ಮಾತು ಒಂದಕ್ಕೊಂದು ಶತ್ರುಗಳಲ್ಲ. ಒಂದರೊಳಗಿಂದ ಇನ್ನೊಂದು ಹುಟ್ಟುತ್ತದೆ. ಹಾಗೆಂದು ಓರಗಿತ್ತಿಯ ಜೊತೆ ವಾದಕ್ಕೆ ಇಳಿಯಬೇಡಿ. ಅವಳು ಕಂಡುಕೊಂಡ ಸಂತೋಷ ನಿಜವೇ ಇರಬಹುದು. ಮನೆಗೆ ಬಂದಾಗ ಒಂದು ದಿನ ಅವಳ ಬಾಯಲ್ಲೇ ಪ್ರಾರ್ಥನೆ ಹೇಳಿಸಿ ಕೇಳಿ.

ನಮ್ಮ ಸೀಮೆಯ ಚರಿತ್ರೆಯನ್ನೂ ಇಲ್ಲಿ ನೆನೆಯಬೇಕು. ಶ್ರೀರಂಗಪಟ್ಟಣಕ್ಕೆ 17ನೇ ಶತಮಾನದ ನಡುವಿನಲ್ಲಿ ಬಂದ ಇಟಲಿಯ ಜೆಸುಯಿಟ್ ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು, ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕ ಬರೆದರು. ಮುಂದೆ 1773ರಲ್ಲಿ ಪೋಪರು ಜೆಸುಯಿಟ್ ಸಂಘವನ್ನೇ ವಿಸರ್ಜಿಸಿದರು. ಅಲ್ಲಿಂದ, 1799ರಲ್ಲಿ ಟಿಪ್ಪು ಮಡಿದ ಮೇಲೆ ಫ್ರಾನ್ಸಿನ ಅಬ್ಬೆ ದ್ಯುಬುವಾ ಬಂದು ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸುವವರೆಗೆ, ಮೈಸೂರು ಸೀಮೆಯ ಹಳ್ಳಿಗಳಿಗೆ ಗುರುಗಳು ಬರುವುದೇ ಅಪರೂಪವಾಗಿತ್ತು. ಪೂಜೆ ಇಲ್ಲ, ಪರಮಪ್ರಸಾದವಿಲ್ಲ, ಓದಲು ಅಕ್ಷರ ಬರುವವರೂ ಕಡಿಮೆ. ಆ ಕಾಲದಲ್ಲಿ ವಿಶ್ವಾಸ ಉಳಿದದ್ದು ಅಜ್ಜಿಯಂದಿರ ಬಾಯಲ್ಲಿದ್ದ ಜಪಗಳಿಂದ ಎಂದೇ ನಾನು ನಂಬುತ್ತೇನೆ. ಗುರುಗಳು ಬಂದ ಮೇಲೂ ಪೂಜೆ ನಡೆಯುತ್ತಿದ್ದದ್ದು ಲ್ಯಾಟಿನ್ ಭಾಷೆಯಲ್ಲಿ. ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಜನರ ಭಾಷೆಗೆ ಬಾಗಿಲು ತೆರೆಯುವವರೆಗೂ ಕನ್ನಡದ ಕಥೋಲಿಕರು ತಮ್ಮ ಮಾತಿನಲ್ಲಿ ದೇವರನ್ನು ಕರೆಯುತ್ತಿದ್ದದ್ದು ಹೆಚ್ಚಾಗಿ ಮನೆಯ ಜಪದಲ್ಲಿ, ಹಾಡಿನಲ್ಲಿ, ನಿಮ್ಮ ತಾಲ್ಲೂಕಿನ ಹಾರೋಬೆಲೆಯ ಜನ ಆಡುವ ಯೇಸುವಿನ ಯಾತನೆಯ ನಾಟಕದಂಥ ಆಟಗಳಲ್ಲಿ. ಅತ್ತೆಯ ಜಪಸರ ಆ ಕಾಲವನ್ನೆಲ್ಲ ದಾಟಿ ನಿಮ್ಮ ಕೈಗೆ ಬಂದಿದೆ. ಅದನ್ನು ಬಿಡುವ ಯೋಚನೆ ಮಾಡಬೇಡಿ. ಅದರೊಳಗೆ ಹೋಗುವ ದಾರಿ ಹುಡುಕೋಣ.

ದಾರಿ ಎಂದರೆ ನಿಧಾನ, ಅಷ್ಟೇ. ಮನೆಯವರೊಡನೆ ಐವತ್ಮೂರು ಮಣಿ ಎಂದಿನಂತೆ ನಡೆಯಲಿ. ನೀವು ಒಬ್ಬರೇ ಇರುವಾಗ ಹತ್ತೇ ಮಣಿ ಸಾಕು. ಜಪಸರದ ಒಂದು ರಹಸ್ಯವನ್ನು, ಅಂದರೆ ಯೇಸು ಮರಿಯರ ಬಾಳಿನ ಒಂದು ಘಟನೆಯನ್ನು, ಮನಸ್ಸಿಗೆ ತಂದುಕೊಳ್ಳಿ, ಒಂದೊಂದು ನಮೋ ಮರಿಯಾ ಹೇಳುವ ಮುಂಚೆ ಒಬ್ಬರ ಹೆಸರು ನೆನೆಯಿರಿ. ಪಾಳಿಯಲ್ಲಿರುವ ಯಜಮಾನರು, ಓದಿನಲ್ಲಿ ಹಿಂದೆ ಬಿದ್ದ ಮಗ, ಮಂಡಿನೋವಿನ ಅತ್ತೆ, ತೋಟಕ್ಕೆ ಸೊಪ್ಪು ಕೊಯ್ಯಲು ಬರುವ ಹೆಣ್ಣುಮಕ್ಕಳು, ಸಂಘದ ಗೆಳತಿ, ಮನಸ್ಸು ನೋಯಿಸಿದ ಓರಗಿತ್ತಿ. ಸೊಪ್ಪಿನ ಲೆಕ್ಕ ನಡುವೆ ನುಗ್ಗಿ ಬಂದರೆ ಅದನ್ನು ಅಟ್ಟಲು ಹೋಗಬೇಡಿ. ಆ ಲೆಕ್ಕವನ್ನೇ ಒಂದು ಮಣಿಗೆ ಕಟ್ಟಿ ದೇವರ ಮುಂದಿಡಿ. ಈ ಸಲದ ಸಾಲ, ಮೋಡ ಮುಸುಕಿದ ಹವೆ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಏನು ರೇಟು ಸಿಗುತ್ತದೋ ಎಂಬ ಭಯ, ಇವೆಲ್ಲ ದೇವರಿಗೆ ಹೇಳಬಾರದ ವಿಷಯಗಳಲ್ಲ. ನಿಮ್ಮ ಓರಗಿತ್ತಿ ಹೇಳುವ ಸ್ವಂತ ಮಾತು ಎಂದರೆ ಇದೇ.

ಇನ್ನು ದಿನದ ಕಟ್ಟು. ಹುಳು ಸಾಕುವವರಿಗೆ ಒಂದು ಅನುಕೂಲವಿದೆ, ಹೊತ್ತುಗಳು ಮೊದಲೇ ಗೊತ್ತಿರುತ್ತವೆ. ಸೊಪ್ಪು ಹಾಕುವ ಪ್ರತಿಯೊಂದು ಹೊತ್ತಿಗೂ ಒಂದು ಚಿಕ್ಕ ಪ್ರಾರ್ಥನೆಯನ್ನು ಜೋಡಿಸಿ. ಬೆಳಿಗ್ಗೆ ಹುಳುಮನೆಯ ಬಾಗಿಲು ತೆರೆಯುವಾಗ ಶಿಲುಬೆಯ ಗುರುತು ಮತ್ತು ಒಂದೇ ಮಾತು, ಇಂದಿನ ದಿನ ನಿನ್ನದು ಎಂದು. ಮಧ್ಯಾಹ್ನ ಮತ್ತು ಸಂಜೆ ತ್ರಿಕಾಲ ಪ್ರಾರ್ಥನೆ ಹೇಗೂ ಇದೆ. ದೇವಾಲಯದ ಗಂಟೆ ಕೇಳಿಸಿದರೆ ಸರಿ, ಕೇಳಿಸದಿದ್ದರೆ ಸೊಪ್ಪಿನ ಹೊರೆಯೇ ಗಂಟೆ. ಕಾರ್ಮೆಲ್ ಸಭೆಯ ಬ್ರದರ್ ಲಾರೆನ್ಸ್ ಎಂಬವರು 17ನೇ ಶತಮಾನದಲ್ಲಿ ಪ್ಯಾರಿಸಿನ ಮಠದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದವರು. ಮೊದಲು ಸೈನಿಕರಾಗಿದ್ದವರು, ಹೆಚ್ಚು ಓದಿದವರಲ್ಲ. ಪ್ರಾರ್ಥನೆಗೆಂದು ಇಟ್ಟ ಹೊತ್ತಿಗೂ ಪಾತ್ರೆಗಳ ಸದ್ದಿನ ಹೊತ್ತಿಗೂ ತನಗೆ ವ್ಯತ್ಯಾಸವೇ ಕಾಣದಂತಾಯಿತು ಎಂದು ಅವರು ಹೇಳಿದ್ದನ್ನು ಜನ ಬರೆದಿಟ್ಟುಕೊಂಡರು. ಅವರು ಸತ್ತು ಮುನ್ನೂರು ವರ್ಷ ದಾಟಿದರೂ ಆ ಪುಟ್ಟ ಪುಸ್ತಕವನ್ನು ಕಥೋಲಿಕರೂ ಪ್ರಾಟೆಸ್ಟೆಂಟರೂ ಓದುತ್ತಾರೆ. ಅಷ್ಟು ದೂರ ನಾವು ಹೋಗುತ್ತೇವೆಯೋ ಇಲ್ಲವೋ, ಕೆಲಸದ ನಡುವೆ ದೇವರ ನೆನಪನ್ನು ಕರೆಯುವ ಅಭ್ಯಾಸ ಎಲ್ಲರಿಗೂ ಸಾಧ್ಯ.

ಬೈಬಲ್ ಓದಿನ ವಿಷಯ. ಮೊಬೈಲಿನ ಆ ಪಟ್ಟಿಯನ್ನು ಇವತ್ತೇ ಅಳಿಸಿ. ದೇವರು ಬಾಕಿ ವಸೂಲಿಗೆ ಬರುವವನಲ್ಲ. ಅಚ್ಚಿನ ಬೈಬಲ್ ತೆಗೆದು ಮಾರ್ಕನ ಶುಭಸಂದೇಶದಿಂದ ಶುರು ಮಾಡಿ. ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ, ಕಥೆ ಓಡುತ್ತಾ ಹೋಗುತ್ತದೆ. ದಿನಕ್ಕೆ ಒಂದು ಘಟನೆ, ಹತ್ತು ಹನ್ನೆರಡು ವಚನ. ಎರಡು ಸಲ ಓದಿ, ಮನಸ್ಸಿಗೆ ಹತ್ತಿದ ಒಂದು ಮಾತನ್ನು ಎತ್ತಿಕೊಂಡು ತೋಟಕ್ಕೆ ಹೋಗಿ, ಸೊಪ್ಪು ಕೊಯ್ಯುವಾಗ ಅದನ್ನೇ ನೆನೆಯಿರಿ. ಯಜಮಾನರಿಗೆ ಪಾಳಿಯ ಬಸ್ಸಿನಲ್ಲಿ ಕಿವಿಗೆ ಹಾಕಿಕೊಂಡು ಕೇಳಲು ಕನ್ನಡ ಬೈಬಲಿನ ಧ್ವನಿಮುದ್ರಣಗಳಿವೆ. ಇಬ್ಬರೂ ಒಂದೇ ಭಾಗವನ್ನು ಇಟ್ಟುಕೊಂಡರೆ ರಾತ್ರಿ ಊಟಕ್ಕೆ ಕೂತಾಗ ಮಾತಾಡಲು ಒಂದು ವಿಷಯ ಸಿಗುತ್ತದೆ.

ನಾನು ಬಹಳ ಬೆಲೆ ಕೊಡುವ ಅಭ್ಯಾಸ ಇನ್ನೊಂದಿದೆ. ಮಲಗುವ ಮುಂಚೆ ಐದು ನಿಮಿಷ. ಜೆಸುಯಿಟ್ ಸಂಘ ಕಟ್ಟಿದ ಲೊಯೋಲದ ಸಂತ ಇಗ್ನೇಷಿಯಸರು ಕಲಿಸಿದ್ದು ಇದು, ಆತ್ಮಶೋಧನೆ ಎನ್ನುತ್ತೇವೆ. ನಮ್ಮಲ್ಲಿ ಅನೇಕರು ಇದನ್ನು ಪಾಪದ ಪಟ್ಟಿ ಮಾಡುವುದೆಂದು ತಿಳಿದು ಹೆದರುತ್ತಾರೆ. ಇಗ್ನೇಷಿಯಸರು ಶುರು ಮಾಡುವುದು ಕೃತಜ್ಞತೆಯಿಂದ. ಇವತ್ತು ಸಿಕ್ಕ ಒಳ್ಳೆಯದೇನು ಎಂದು ನೋಡಿ, ಆಮೇಲೆ ಬೆಳಕು ಬೇಡಿ, ಬೆಳಗಿನಿಂದ ರಾತ್ರಿಯವರೆಗೆ ದಿನವನ್ನು ಹಿಂದಿರುಗಿ ನಡೆದು, ಎಡವಿದ ಕಡೆ ಕ್ಷಮೆ ಕೇಳಿ, ನಾಳೆಯ ಒಂದು ವಿಷಯಕ್ಕೆ ಸಹಾಯ ಬೇಡುವುದು. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಪುಸ್ತಕ ನಿಮ್ಮ ಹತ್ತಿರವೂ ಒಂದು ಇರಬೇಕಲ್ಲ, ಅಂಥದೇ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡೇ ಸಾಲು ಬರೆಯಿರಿ. ಒಂದು ಸಾಲು ಧನ್ಯವಾದಕ್ಕೆ, ಒಂದು ಸಾಲು ಕ್ಷಮೆಗೆ. ತಿಂಗಳು ಕಳೆದ ಮೇಲೆ ತಿರುಗಿ ಓದಿದರೆ ದೇವರು ನಿಮ್ಮೊಡನೆ ಎಲ್ಲಿ ಮಾತಾಡುತ್ತಿದ್ದಾನೆಂದು ನಿಮಗೇ ಕಾಣತೊಡಗುತ್ತದೆ. ಅತ್ತೆಯ ಮೇಲೆ ರೇಗಿದ ದಿನಗಳು, ಸೊಪ್ಪು ಕೊಯ್ದವರಿಗೆ ಕೂಲಿ ಕೊಡಲು ವಾರ ತಡಮಾಡಿದ ದಿನಗಳು ಅಲ್ಲಿ ಬರುತ್ತವೆ. ಅವೂ ಬರಬೇಕು. ಹಸಿದವರಿಗೆ ಏನು ಮಾಡಿದೆ ಎಂದು ಕೊನೆಯ ದಿನ ಕೇಳುವುದಾಗಿ ಮತ್ತಾಯನ 25ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದಾನೆ. ಎಷ್ಟು ಹೊತ್ತು ಮೊಣಕಾಲೂರಿದೆ ಎಂಬ ಪ್ರಶ್ನೆ ಆ ಅಧ್ಯಾಯದಲ್ಲಿಲ್ಲ. ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದನ್ನು ನಾನು ಭಕ್ತಿಯ ಅಭ್ಯಾಸಗಳ ಸಾಲಿನಲ್ಲೇ ಇಡುತ್ತೇನೆ.

ಈಗ ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಮಾತಿಗೆ ಬರೋಣ. ಏನೂ ಅನಿಸುವುದಿಲ್ಲ ಎಂದಿರಿ.

ಅನಿಸಿಕೆಯಿಂದ ಭಕ್ತಿಯನ್ನು ಅಳೆಯಬೇಡಿ. ಕಲ್ಕತ್ತದ ಮದರ್ ತೆರೇಸಾ 1997ರಲ್ಲಿ ತೀರಿಕೊಂಡ ಹತ್ತು ವರ್ಷಕ್ಕೆ ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ಸುಮಾರು ಐವತ್ತು ವರ್ಷ ಅವರ ಒಳಗೆ ದೇವರ ಸಾನ್ನಿಧ್ಯದ ಯಾವ ಅನುಭವವೂ ಇಲ್ಲದೆ ಬರೀ ಕತ್ತಲಿತ್ತೆಂದು ಅವುಗಳಿಂದ ತಿಳಿಯಿತು. ಅಷ್ಟೂ ವರ್ಷ ಅವರು ಬೆಳಗಿನ ಪ್ರಾರ್ಥನೆಗೆ ಹೋದರು, ಬೀದಿಯಲ್ಲಿ ಬಿದ್ದವರನ್ನು ಎತ್ತಿದರು. ಧರ್ಮಸಭೆ ಆ ಪತ್ರಗಳನ್ನು ಓದಿಯೇ 2016ರಲ್ಲಿ ಅವರನ್ನು ಸಂತರೆಂದು ಸಾರಿತು. ಕೀರ್ತನೆಗಳ ಗ್ರಂಥವನ್ನೇ ನೋಡಿ, 150ರಲ್ಲಿ ಮೂರನೇ ಒಂದು ಪಾಲಿನಷ್ಟು ಗೋಳು, ದೂರು, ನೀನು ಎಲ್ಲಿದ್ದೀಯೆ ಎಂಬ ಕೂಗು. 88ನೆಯದಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆ ಎಂದೇ ಒಪ್ಪಿ ಪವಿತ್ರ ಗ್ರಂಥದಲ್ಲಿ ಇಟ್ಟಿದ್ದಾರೆ.

ನಿಮಗೆ ಹುಳುವಿನ ವಿಷಯ ನನಗಿಂತ ಚೆನ್ನಾಗಿ ಗೊತ್ತು. ಜ್ವರಕ್ಕೆ ಕೂತ ಹುಳು ತಲೆ ಎತ್ತಿ ಅಲ್ಲಾಡದೆ ಇರುತ್ತದೆ, ಸೊಪ್ಪು ಹಾಕಿದರೂ ಮುಟ್ಟುವುದಿಲ್ಲ. ತಿಳಿಯದವರು ನೋಡಿದರೆ ರೋಗ ಬಂದಿದೆ ಎಂದಾರು. ನೀವು ಮಾತ್ರ ಆಗ ಅದನ್ನು ಕೆದಕುವುದಿಲ್ಲ, ಗಾಳಿ ಬೆಳಕು ನೋಡಿಕೊಂಡು ಸುಮ್ಮನಿರುತ್ತೀರಿ, ಒಳಗೆ ಹೊಸ ಚರ್ಮ ಕಟ್ಟುತ್ತಿದೆ ಎಂದು ಗೊತ್ತಿರುವುದರಿಂದ. ಬಾಲ್ಯದ ಕಣ್ಣೀರಿನ ಭಕ್ತಿ ಬೆಳೆದವರಿಗೆ ಸಾಲದು. ಅದು ಕಳಚುವಾಗ ಕೆಲವು ಕಾಲ ಹೀಗೆ ಆಗುತ್ತದೆ. ಆಗ ಹೊಸ ಹೊಸ ಪ್ರಯೋಗ ಮಾಡಿ ಮನಸ್ಸನ್ನು ಕೆದಕಬೇಡಿ. ಚಿಕ್ಕ ಅಭ್ಯಾಸವೊಂದನ್ನು ಹಿಡಿದು ಅಲ್ಲೇ ಇರಿ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಏನೂ ಅನಿಸದಿರುವುದು ಪ್ರಾರ್ಥನೆಯಲ್ಲಿ ಮಾತ್ರವೇ, ಇಲ್ಲ ಮಕ್ಕಳ ಆಟದಲ್ಲಿ, ಊಟದಲ್ಲಿ, ಹಬ್ಬದಲ್ಲಿ ಕೂಡ ಮನಸ್ಸು ಸತ್ತಂತಿದೆಯೇ? ನಿದ್ದೆ ಕೆಟ್ಟಿದೆಯೇ, ಕಾರಣವಿಲ್ಲದೆ ಅಳು ಬರುತ್ತದೆಯೇ, ಬದುಕು ಸಾಕೆನಿಸುತ್ತದೆಯೇ? ಎರಡು ವಾರಕ್ಕೂ ಮಿಕ್ಕಿ ಹೀಗಿದ್ದರೆ ಅದು ವಿಶ್ವಾಸದ ಕೊರತೆಯಲ್ಲ, ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ವೈದ್ಯರನ್ನು ಕಾಣಿ. ಹೊರಗೆ ಹೋಗಿ ಹೇಳಿಕೊಳ್ಳಲು ಮುಜುಗರವಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಪ್ರಾರ್ಥನೆ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಔಷಧಿ ತಡೆದರೆ ಕೇಳಬೇಡಿ.

ಸಂಘದ ಗೆಳತಿಯ ಪ್ರಶ್ನೆ ಒಳ್ಳೆಯ ಪ್ರಶ್ನೆ. 2019ರ ಕ್ರಿಸ್ಮಸ್ ದಿನ ಹಾರೋಬೆಲೆ ಬಳಿಯ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸು ಪ್ರತಿಮೆಗೆ ಅಡಿಗಲ್ಲು ಬಿದ್ದದ್ದೂ, ಮುಂದಿನ ತಿಂಗಳು ಕನಕಪುರದಲ್ಲಿ ವಿರೋಧದ ಮೆರವಣಿಗೆ ನಡೆದದ್ದೂ ರಾಜ್ಯವೆಲ್ಲ ಸುದ್ದಿಯಾಯಿತು. ಆ ವಿವಾದದ ಸರಿತಪ್ಪು ಈ ಅಂಕಣದ ವಿಷಯವಲ್ಲ. ಆದರೆ ಆ ಗದ್ದಲದ ನಡುವೆ ಒಬ್ಬ ಹೆಂಗಸು ನಿಮ್ಮ ಮನೆಯೊಳಗಿನ ಭಕ್ತಿ ಏನೆಂದು ಕೇಳಿದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ನಮ್ಮ ಜಿಲ್ಲೆಯ ಜನಕ್ಕೆ ದಿನದ ಪೂಜೆಯ ನಿಷ್ಠೆ ಚೆನ್ನಾಗಿ ಅರ್ಥವಾಗುತ್ತದೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರು ನೂರು ದಾಟಿದ ಮೇಲೂ ನಸುಕಿನಲ್ಲಿ ಎದ್ದು ಇಷ್ಟಲಿಂಗ ಪೂಜೆಗೆ ಕೂರುತ್ತಿದ್ದದ್ದನ್ನು ಎಲ್ಲ ಮತದವರೂ ಗೌರವದಿಂದ ನೆನೆಯುತ್ತಾರೆ. ಗೆಳತಿ ಮತ್ತೆ ಕೇಳಿದರೆ ವಾದವೂ ಬೇಡ, ಉಪದೇಶವೂ ಬೇಡ. ನಾವು ಬೆಳಿಗ್ಗೆ ಹೀಗೆ ಶುರು ಮಾಡುತ್ತೇವೆ, ರಾತ್ರಿ ಜಪಸರದಲ್ಲಿ ನಿಮ್ಮ ಹೆಸರೂ ಬರುತ್ತದೆ ಎಂದು ಹೇಳಿ. ಅದು ನಿಜವಾಗಿದ್ದರೆ ಅಷ್ಟು ಸಾಕು.

ಇವೆಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ, ಮತ್ತೆ ಬಾಕಿ ಬೀಳುತ್ತದೆ. ಈ ಬೆಳೆಗೆ ರಾತ್ರಿಯ ಎರಡು ಸಾಲು ಮಾತ್ರ. ಗೂಡು ಬಿಡಿಸಿ ಮಾರುಕಟ್ಟೆಗೆ ಹೋದ ಮೇಲೆ, ಹುಳುಮನೆ ತೊಳೆದು ಖಾಲಿ ಬಿಟ್ಟಿರುವ ಆ ಬಿಡುವಿನ ದಿನಗಳಲ್ಲಿ ಮಾರ್ಕನ ಶುಭಸಂದೇಶ ಹಿಡಿಯಿರಿ. ಹತ್ತು ಮಣಿಯ ನಿಧಾನದ ಜಪ ಅದರ ನಂತರ. ತಪ್ಪಿದ ದಿನವನ್ನು ಮರುದಿನ ತುಂಬಿಸಲು ಹೋಗದೆ ಆ ದಿನದ್ದನ್ನು ಮಾತ್ರ ಮಾಡಿ. ಮಕ್ಕಳನ್ನು ಬಲವಂತವಾಗಿ ಕೂರಿಸಬೇಡಿ, ನೀವು ಬರೆಯುವುದನ್ನು ಅವರು ನೋಡಲಿ, ಕೇಳಿದರೆ ತೋರಿಸಿ. ನಿಮ್ಮ ಧರ್ಮಕೇಂದ್ರದ ಗುರುಗಳನ್ನೋ ಕನ್ಯಾಸ್ತ್ರೀಯರಲ್ಲಿ ಒಬ್ಬರನ್ನೋ ಆಗಾಗ ಕಂಡು ಹೇಗೆ ನಡೆಯುತ್ತಿದೆ ಎಂದು ಮಾತಾಡಿ. ಚನ್ನಪಟ್ಟಣ, ಮಾಗಡಿ ಕಡೆಯ ಪ್ರಾಟೆಸ್ಟೆಂಟ್ ಸಭೆಗಳ ಓದುಗರು ಜಪಸರದ ಜಾಗದಲ್ಲಿ ಒಂದು ಗೀತೆಯನ್ನೋ ಕೀರ್ತನೆಯನ್ನೋ ಇಟ್ಟುಕೊಂಡು ಇದೇ ಕ್ರಮವನ್ನು ನಡೆಸಬಹುದು.

ಯಾವ ಕೀರ್ತನೆ ಮೊದಲು ಎಂದು ಕೇಳಿದ್ದೀರಿ. 131ನೆಯದರಿಂದ ಶುರು ಮಾಡಿ, ಮೂರೇ ವಚನ, ಬರೆದವರು ತಾಯಿಯ ಮಡಿಲಲ್ಲಿ ಸುಮ್ಮನಿರುವ ಮಗುವಿನ ಮಾತಾಡುತ್ತಾರೆ. ನಿದ್ದೆಗೆಟ್ಟು ದುಡಿಯುವ ವಾರಗಳಿಗೆ 127. ಬೆಟ್ಟಗಳ ಕಡೆ ಕಣ್ಣೆತ್ತುವ 121ನ್ನು ನಮ್ಮ ಸೀಮೆಯವರು ಬಯಲಲ್ಲಿ ನಿಂತೇ ಓದಬೇಕು. ಏನೂ ಅನಿಸದ ದಿನಕ್ಕೆ 13, ಮಲಗುವ ಹೊತ್ತಿಗೆ 4. ಅತ್ತೆಯ ಹಳೆಯ ಜಪದ ಪುಸ್ತಕದಲ್ಲಿ ಹುಡುಕುವುದಾದರೆ ಒಂದು ವಿಷಯ ಗಮನದಲ್ಲಿರಲಿ. ಲ್ಯಾಟಿನ್ ಬೈಬಲಿನ ಎಣಿಕೆಯನ್ನು ಅನುಸರಿಸಿದ ಹಳೆಯ ಪುಸ್ತಕಗಳಲ್ಲಿ ಈ ಸಂಖ್ಯೆಗಳು ಬಹುಮಟ್ಟಿಗೆ ಒಂದು ಕಡಿಮೆ ಇರುತ್ತವೆ, 131 ಅಲ್ಲಿ 130 ಆಗಿರುತ್ತದೆ. 4 ಮಾತ್ರ ಎರಡರಲ್ಲೂ ನಾಲ್ಕೇ.